‘ಸರ್ವರ್ ಇಲ್ಲ’ ಎಂದರೇನು? ಕರಿಕೆಯ ಪಹಣಿಗೂ ಬೆಂಗಳೂರಿನ ಕಾಣದ ತಂತಿಗೂ ಇರುವ ನಂಟು

ಕರಿಕೆ: ಮಡಿಕೇರಿ ತಾಲ್ಲೂಕಿನ ಭಾಗಮಂಡಲ ಹೋಬಳಿಗೆ ಸೇರಿದ ಈ ಗ್ರಾಮವು ಕೇರಳದ ಗಡಿಗೆ ಅಂಟಿಕೊಂಡಿದೆ. ಕೆಳಗಿಳಿದರೆ ಕಾಸರಗೋಡು ಜಿಲ್ಲೆಯ ಪಾಣತ್ತೂರು. ಕಾಡಿನ ನಡುವಿನ ಘಟ್ಟದ ರಸ್ತೆಯಲ್ಲಿ ಮೇಲೇರಿದರೆ ಭಾಗಮಂಡಲ. ಇಲ್ಲಿನ ಅಡಿಕೆ, ರಬ್ಬರ್ ಬೆಳೆಗಾರರು ಹೋಬಳಿಯ ನಾಡಕಚೇರಿಗೆ ಹೋಗಬೇಕಾದರೆ ತೋಟದ ಕೆಲಸ ಬಿಟ್ಟು ಘಟ್ಟ ಹತ್ತಬೇಕು. ಹತ್ತಿದ ಮೇಲೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ದೊರೆತರೆ ಆ ದಿನ ಹಾಳು. ಈ ಮಾತು ರಾಜ್ಯದ ಯಾವ ಊರಿನವರಿಗೂ ಹೊಸದಲ್ಲ. ಆದರೆ ಅನೇಕ ಸಲ ಸರ್ವರ್ ಇದ್ದೇ ಇರುತ್ತದೆ, ಆರೋಗ್ಯವಾಗಿಯೂ ಇರುತ್ತದೆ. ಅದಕ್ಕೆ ಬಾಯಿ ಮಾತ್ರ ಇರುವುದಿಲ್ಲ.

2000ರ ಸುಮಾರಿಗೆ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದಾಗ ದಾಖಲೆಯಿದ್ದ ಯಂತ್ರವು ತಾಲ್ಲೂಕು ಕಚೇರಿಯಲ್ಲೇ ಇತ್ತು. ಕೆಟ್ಟರೆ ಎದುರಿಗೇ ಕೆಡುತ್ತಿತ್ತು. ಕ್ರಮೇಣ ಸೇವೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಂತಹ ಕಡೆ ಒಟ್ಟುಗೂಡಿದವು.

ಇಂತಹ ಕೇಂದ್ರಗಳಲ್ಲಿ ಇಂದು ಸೇವೆಗೊಂದು ಪ್ರತ್ಯೇಕ ಯಂತ್ರ ಇರಬೇಕೆಂದಿಲ್ಲ. ಒಂದೇ ಬಲಿಷ್ಠ ಗಣಕದ ಸ್ಮರಣಶಕ್ತಿ, ಸಂಸ್ಕರಣಾ ಶಕ್ತಿಗಳನ್ನು ತಂತ್ರಾಂಶದ ಮೂಲಕ ಹಂಚಿ ಹತ್ತಾರು ‘ವರ್ಚುವಲ್ ಮೆಷಿನ್’ಗಳನ್ನು ಸೃಷ್ಟಿಸಲಾಗುತ್ತದೆ. ಪ್ರತಿಯೊಂದೂ ತಾನೇ ಸ್ವತಂತ್ರ ಗಣಕವೆಂದು ಭಾವಿಸಿರುತ್ತದೆ. 1998ರಲ್ಲಿ ಆರಂಭವಾದ ವಿಎಂವೇರ್ ಸಂಸ್ಥೆ ಈ ಕ್ಷೇತ್ರದಲ್ಲಿ ಹೆಸರು ಮಾಡಿತು. 2007ರಲ್ಲಿ ಲಿನಕ್ಸ್‌ನ ತಿರುಳಿಗೇ ಸೇರಿದ ಕೆವಿಎಂ ಮುಕ್ತ ತಂತ್ರಾಂಶವಾಗಿದ್ದು, ಪ್ರಾಕ್ಸ್‌ಮಾಕ್ಸ್, ಓವರ್ಟ್ ಮುಂತಾದ ನಿರ್ವಹಣಾ ತಂತ್ರಾಂಶಗಳು ಅದನ್ನೇ ನೆಚ್ಚಿಕೊಂಡಿವೆ.

ಕಾಣದ ಕಾರ್ಡು, ಕಾಣದ ತಂತಿ

ಇಲ್ಲದ ಯಂತ್ರಕ್ಕೆ ತಂತಿ ಸಿಕ್ಕಿಸುವುದೆಲ್ಲಿ? ತಂತ್ರಾಂಶವು ಅದಕ್ಕೊಂದು ಕೃತಕ ನೆಟ್‌ವರ್ಕ್ ಕಾರ್ಡ್ ಒದಗಿಸಿ, 48 ಬಿಟ್‌ಗಳ ಮ್ಯಾಕ್ ವಿಳಾಸವನ್ನು ನೀಡುತ್ತದೆ. ಕಾರ್ಡು ಕೃತಕ ಸ್ವಿಚ್ಚಿಗೆ, ಸ್ವಿಚ್ಚು ನಿಜವಾದ ಗಣಕದ ನಿಜವಾದ ಕಾರ್ಡಿಗೆ ಕೂಡಿಕೊಳ್ಳುತ್ತದೆ. ಅಲ್ಲಿಂದ ಮುಂದಷ್ಟೇ ಕೈಗೆ ಸಿಗುವ ತಂತಿ.

ನಿರ್ವಾಹಕರ ಪರದೆಯಲ್ಲಿ ಇದೆಲ್ಲವೂ ನಾಲ್ಕೈದು ಖಾನೆಗಳು: ಕಾರ್ಡಿನ ಬಗೆ, ಸೇರಬೇಕಾದ ಜಾಲ, ವಿ-ಲ್ಯಾನ್ ಸಂಖ್ಯೆ, ‘ಸಂಪರ್ಕಗೊಂಡಿದೆ’ ಎಂಬ ಗುರುತು. ಆ ಗುರುತೊಂದು ತಪ್ಪಿದರೆ ಮೆಷಿನ್ ಓಡುತ್ತಿರುತ್ತದೆ, ದಾಖಲೆಗಳು ಸುರಕ್ಷಿತವಾಗಿರುತ್ತವೆ, ಆದರೆ ಯಾರ ಕರೆಯೂ ಅದಕ್ಕೆ ತಲುಪುವುದಿಲ್ಲ. ಮೆಷಿನ್ ಚಾಲನೆಯಲ್ಲಿದೆ ಎಂದೇ ಪರದೆ ಹೇಳುತ್ತದೆ. ವಿ-ಲ್ಯಾನ್ ಎಂಬುದು ಒಂದೇ ತಂತಿಯಲ್ಲಿ ಹಲವು ಜಾಲಗಳನ್ನು ಬೇರೆಬೇರೆಯಾಗಿ ಸಾಗಿಸುವ ಏರ್ಪಾಡು. 1ರಿಂದ 4094ರವರೆಗಿನ ಸಂಖ್ಯೆಗಳಲ್ಲಿ 210ರ ಬದಲು 120 ಎಂದು ಬರೆದರೆ ಮಡಿಕೇರಿಯ ಬದಲು ಪಾಣತ್ತೂರಿನ ಬಸ್ಸು ಹತ್ತಿದಂತೆ.

ನಕಲು ತೆಗೆಯುವಲ್ಲಿಯೂ ಅಪಾಯವಿದೆ. ಸಿದ್ಧ ಮೆಷಿನ್ನನ್ನು ನಕಲಿಸಿದಾಗ ನಿರ್ವಹಣಾ ತಂತ್ರಾಂಶ ಸಾಮಾನ್ಯವಾಗಿ ಹೊಸ ಮ್ಯಾಕ್ ವಿಳಾಸ ಕೊಡುತ್ತದೆ. ಆದರೆ ಒಳಗೆ ಬರೆದಿಟ್ಟ ಸ್ಥಿರ ಐಪಿ ವಿಳಾಸ ಹಾಗೆಯೇ ಉಳಿಯುತ್ತದೆ. ಎರಡು ಮನೆಗೆ ಒಂದೇ ಬಾಗಿಲ ಸಂಖ್ಯೆ. ಅಂಚೆ ಒಮ್ಮೆ ಇಲ್ಲಿಗೆ, ಒಮ್ಮೆ ಅಲ್ಲಿಗೆ.

ಎಲ್ಲಕ್ಕಿಂತ ಕಾಡುವುದು ಎಂಟಿಯು, ಅಂದರೆ ಒಮ್ಮೆಗೆ ಸಾಗಿಸಬಹುದಾದ ಪೊಟ್ಟಣದ ಗಾತ್ರ. ಸಾಮಾನ್ಯವಾಗಿ ಇದು 1500 ಬೈಟ್; ದತ್ತಾಂಶ ಕೇಂದ್ರಗಳ ಒಳಗೆ ವೇಗಕ್ಕಾಗಿ 9000 ಇಡುವುದುಂಟು. ಒಂದು ತುದಿಯಲ್ಲಿ 9000, ನಡುವಿನ ಸ್ವಿಚ್ಚಿನಲ್ಲಿ 1500 ಇದ್ದರೆ ಪರೀಕ್ಷೆಗೆ ಕಳಿಸುವ ಚಿಕ್ಕ ಪೊಟ್ಟಣ ಸಲೀಸಾಗಿ ಹೋಗಿಬರುತ್ತದೆ, ದೊಡ್ಡದು ನಡುದಾರಿಯಲ್ಲಿ ಬಿದ್ದುಹೋಗುತ್ತದೆ. ಸಂಪರ್ಕ ಸರಿಯಿದೆ ಎನ್ನುತ್ತಾರೆ ತಂತ್ರಜ್ಞರು. ಪಹಣಿ ತೆರೆಯುತ್ತಿಲ್ಲ ಎನ್ನುತ್ತಾರೆ ಗುಮಾಸ್ತರು. ಇಬ್ಬರದೂ ನಿಜವೇ.

ಎರಡು ಕಾರ್ಡುಗಳ ಕಟ್ಟಳೆ

ಸುರಕ್ಷತೆಯೂ ಇದೇ ಖಾನೆಗಳಲ್ಲಿ ಅಡಗಿದೆ. ಸಾರ್ವಜನಿಕರಿಗೆ ಉತ್ತರಿಸುವ ಮೆಷಿನ್ನಿಗೆ ಎರಡು ಕಾರ್ಡು ಕೊಡುವುದು ವಾಡಿಕೆ: ಒಂದು ಹೊರಗಿನ ಜಾಲಕ್ಕೆ, ಇನ್ನೊಂದು ದಾಖಲೆಗಳಿರುವ ಮೆಷಿನ್ನಿನತ್ತ. ದಾಖಲೆಯ ಮೆಷಿನ್ನಿಗೆ ಹೊರಮುಖದ ಕಾರ್ಡೇ ಇರಬಾರದು. ಅವಸರದಲ್ಲಿ ‘ಸದ್ಯಕ್ಕೆ’ ಎಂದು ಸೇರಿಸಿದ ಕಾರ್ಡನ್ನು ತೆಗೆಯಲು ಮರೆತರೆ ಹಿತ್ತಲ ಬಾಗಿಲು ತೆರೆದಿಟ್ಟಂತೆ.

ಈ ಎಚ್ಚರಿಕೆಗೆ ಈಗ ವಿಶೇಷ ಕಾರಣವೂ ಇದೆ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಸಂಸ್ಥೆಯು ವಿಎಂವೇರ್ ಅನ್ನು ಕೊಂಡು, ಡಿಸೆಂಬರ್‌ನಲ್ಲಿ ಶಾಶ್ವತ ಪರವಾನಗಿಯ ಮಾರಾಟವನ್ನು ನಿಲ್ಲಿಸಿ ಚಂದಾ ಪದ್ಧತಿಯನ್ನು ತಂದಿತು. ಅಂದಿನಿಂದ ಜಗತ್ತಿನಾದ್ಯಂತ ಅನೇಕ ಸಂಸ್ಥೆಗಳು ಕೆವಿಎಂ ಆಧಾರಿತ ತಂತ್ರಾಂಶಗಳತ್ತ ಸಾಗುತ್ತಿವೆ. ಸಾಗುವಾಗ ಕಾರ್ಡಿನ ಬಗೆ ಬದಲಾಗುತ್ತದೆ. ಲಿನಕ್ಸ್ ಅದನ್ನು ಕರೆಯುವ ಹೆಸರೂ ‘ಇಎನ್‌ಎಸ್192’ ಇದ್ದದ್ದು ‘ಇಎನ್‌ಎಸ್18’ ಆಗಬಹುದು. ಐಪಿ ವಿಳಾಸ ಮಾತ್ರ ಹಳೆಯ ಹೆಸರಿಗೇ ಬರೆದಿರುತ್ತದೆ. ಮೆಷಿನ್ ಎದ್ದು ಕೂರುತ್ತದೆ, ಮಾತನಾಡುವುದಿಲ್ಲ. ಸ್ಥಳಾಂತರಕ್ಕೆ ಮುನ್ನ ಹಳೆಯ ಹೆಸರು, ಮ್ಯಾಕ್, ವಿ-ಲ್ಯಾನ್‌ಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಹಳೆಯ ಕಾಲದ ಉಪಾಯವಾದರೂ ಫಲಕಾರಿ.

ಎಲ್ಲ ಸ್ಥಗಿತಕ್ಕೂ ಇದೇ ಕಾರಣವಲ್ಲ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶ ಕುಂಟಿದ್ದಕ್ಕೆ ಹೊರಗಿನಿಂದ ಹರಿದುಬಂದ ಕೃತಕ ಕೋರಿಕೆಗಳ ದಾಳಿ ಕಾರಣವೆಂದು ಸರ್ಕಾರ ತಿಳಿಸಿತ್ತು. ಘಟ್ಟದ ಊರುಗಳಲ್ಲಿ ಮಳೆಗೆ ಮರ ಬಿದ್ದು ತಂತಿ ತುಂಡಾಗುವುದೂ ಉಂಟು.

ಕಿಟಕಿಯ ಈಚೆ ನಿಂತವರು ಒಂದನ್ನು ಕೇಳಬಹುದು: ಬೇರೆ ಸೇವೆಗಳು ತೆರೆಯುತ್ತಿವೆಯೇ? ಯಾವುದೂ ತೆರೆಯದಿದ್ದರೆ ದೋಷ ಬಹುಶಃ ಘಟ್ಟದ ಈ ಬದಿಯ ತಂತಿಯಲ್ಲಿದೆ. ಜಾತಿ ಪ್ರಮಾಣಪತ್ರ ಬಂದು ಪಹಣಿ ಮಾತ್ರ ಬಾರದಿದ್ದರೆ ದೋಷ ಬಹುಮಟ್ಟಿಗೆ ಸೇವೆಯಿರುವ ದತ್ತಾಂಶ ಕೇಂದ್ರದ ಕಡೆಯದು. ಆಗ ಕಿಟಕಿಯ ಬಳಿ ಕಾಯುವುದಕ್ಕಿಂತ ಮಧ್ಯಾಹ್ನ ದೂರವಾಣಿಯಲ್ಲಿ ವಿಚಾರಿಸಿ, ಸೇವೆ ಮರಳಿದ ಮೇಲೆ ಘಟ್ಟ ಹತ್ತುವುದು ಲೇಸು.