ಕಾಂಟೆಸ್ಸಾದ ಓಟಕ್ಕೂ ಬೇಕು ಮಂಜೊಟ್ಟಿ

ಕಾರ್ಕಳದ ಮಿಯ್ಯಾರಿನಲ್ಲಿ ಲವ-ಕುಶ ಜೋಡುಕರೆ ಕಂಬಳ ನೋಡಿದ ಮಕ್ಕಳಿಗೆ ಡ್ರ್ಯಾಗ್ ರೇಸ್ ಎಂದರೇನು ಎಂದು ಹೆಚ್ಚು ವಿವರಿಸಬೇಕಾಗಿಲ್ಲ. ಎರಡು ಕರೆ, ಎರಡು ಜೋಡಿ ಕೋಣ, ಒಂದೇ ನೇರ ಓಟ. ಗಂತಿನಿಂದ ಹೊರಟು ಮಂಜೊಟ್ಟಿ ಮುಟ್ಟುವವರೆಗೆ ತಿರುವಿಲ್ಲ. ಯಾರು ಮೊದಲು ಮುಟ್ಟಿದರು ಎಂಬುದನ್ನು ಈಗ ಲೇಸರ್ ಕಿರಣ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಸೂಕ್ಷ್ಮವಾಗಿ ಹೇಳುತ್ತದೆ. ಕೋಣಗಳ ಜಾಗದಲ್ಲಿ ಕಾರು, ಕೆಸರಿನ ಜಾಗದಲ್ಲಿ ಡಾಮರು ಇಟ್ಟರೆ ಅದೇ ಡ್ರ್ಯಾಗ್ ರೇಸ್!

2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶವೆಲ್ಲ ಸುದ್ದಿಯಾಯಿತು. ಅದೇ ತಿಂಗಳು ವೇಣೂರಿನಲ್ಲಿ ನಮ್ಮ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರಿಗೆ 13.61 ಸೆಕೆಂಡು ತೆಗೆದುಕೊಂಡರು. ಎಲ್ಲರೂ ವೇಗದ ಲೆಕ್ಕ ಹಾಕಿದರು. ಆದರೆ ಕರೆಯ ಕೊನೆಯಲ್ಲಿರುವ ಮಂಜೊಟ್ಟಿಯ ಏರನ್ನು ಗಮನಿಸಿದ್ದೀರಾ? ಅಷ್ಟು ರಭಸದಲ್ಲಿ ಬಂದ ಕೋಣಗಳು ಆ ಏರು ಹತ್ತಿ ತಾವಾಗಿಯೇ ನಿಧಾನವಾಗುತ್ತವೆ. ಅಲ್ಲಿ ಹಿಡಿಯುವವರು ಸಿದ್ಧರಾಗಿ ನಿಂತಿರುತ್ತಾರೆ. ಓಡಿಸುವ ಜಾಗದ ಜೊತೆಗೇ ನಿಲ್ಲಿಸುವ ಜಾಗವನ್ನೂ ಕಟ್ಟಿಟ್ಟವರು ನಮ್ಮ ಹಿರಿಯರು. ಹಳೆಯ ಕಾರನ್ನು ಓಟಕ್ಕೆ ಸಿದ್ಧಗೊಳಿಸುವ ಆಸೆಯಿರುವ ಯುವಕರು ಮೊದಲು ಕಲಿಯಬೇಕಾದ ಪಾಠ ಇದೇ.

ಕಾಲು ಮೈಲಿಯ ಕಥೆ

ಡ್ರ್ಯಾಗ್ ರೇಸಿನ ತವರು ಅಮೆರಿಕ. ರಸ್ತೆಗಳಲ್ಲಿ ಹುಡುಗರು ಪೈಪೋಟಿಗೆ ಬಿದ್ದು ಕಾರು ಓಡಿಸುವುದನ್ನು ನೋಡಿದ ವಾಲಿ ಪಾರ್ಕ್ಸ್ ಎಂಬವರು, ಆ ಹುಮ್ಮಸ್ಸಿಗೆ ಸುರಕ್ಷಿತ ಜಾಗ ಒದಗಿಸಬೇಕೆಂದು 1951ರಲ್ಲಿ ‘ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್’ ಕಟ್ಟಿದರು. 1953ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಅದರ ಮೊದಲ ಅಧಿಕೃತ ಸ್ಪರ್ಧೆ ನಡೆಯಿತು. ಓಟದ ದೂರ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್. ಕಂಬದ ಮೇಲೆ ಹಳದಿ ದೀಪಗಳು ಉರಿದು ಕೊನೆಗೆ ಹಸಿರು ಬರುತ್ತದೆ. ದೀಪಗಳ ಈ ಕಂಬಕ್ಕೆ ಅಲ್ಲಿ ‘ಕ್ರಿಸ್ಮಸ್ ಟ್ರೀ’ ಎಂದೇ ಹೆಸರು.

1964ರಲ್ಲಿ ಬಂದ ಪಾಂಟಿಯಾಕ್ ಜಿಟಿಓದಂಥ ಕಾರುಗಳನ್ನು ಅಲ್ಲಿ ‘ಮಸಲ್ ಕಾರ್’ ಎಂದು ಕರೆದರು. ಸಾಧಾರಣ ಗಾತ್ರದ ಕಾರಿಗೆ 6.4 ಲೀಟರಿನ ದೈತ್ಯ ಎಂಜಿನ್!

ನಮ್ಮ ದೇಶದಲ್ಲಿ ಆ ಗತ್ತಿಗೆ ಹತ್ತಿರದ್ದು ಹಿಂದೂಸ್ತಾನ್ ಮೋಟಾರ್ಸ್‌ನ ಕಾಂಟೆಸ್ಸಾ. ಬ್ರಿಟನ್ನಿನ ವಾಕ್ಸ್‌ಹಾಲ್ ಕಾರಿನ ವಿನ್ಯಾಸದಲ್ಲಿ 1984ರಿಂದ 2002ರವರೆಗೆ ತಯಾರಾದ ಈ ಕಾರಿನ ಉದ್ದನೆಯ ಮೂತಿ, ಅಗಲವಾದ ಮೈ ಕಂಡರೆ ಸಿನಿಮಾದ ಖಳನಾಯಕನೇ ಇಳಿದು ಬರುತ್ತಾನೇನೋ ಅನಿಸುತ್ತಿತ್ತು. ಆದರೆ ಮೊದಲು ಅದಕ್ಕಿದ್ದದ್ದು 1.5 ಲೀಟರಿನ, ಸುಮಾರು 50 ಅಶ್ವಶಕ್ತಿಯ ಎಂಜಿನ್. ಭಾರದ ಮೈಗೆ ಅದು ಸಾಲುತ್ತಿರಲಿಲ್ಲ. ಮುಂದೆ ಜಪಾನಿನ ಇಸುಜು ಕಂಪೆನಿಯ 1.8 ಲೀಟರ್ ಎಂಜಿನ್ ಬಂದ ಮೇಲೆ ಅದಕ್ಕೆ ಜೀವ ಬಂತು. ಎಂಜಿನ್ ಮುಂದೆ, ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಅಮೆರಿಕದ ಮಸಲ್ ಕಾರುಗಳದ್ದೂ ಇದೇ ಜೋಡಣೆ. ಹಳೆಯ ಕಾರುಗಳನ್ನು ಪ್ರೀತಿಸುವವರು ಇವತ್ತಿಗೂ ಕಾಂಟೆಸ್ಸಾದ ಬೆನ್ನು ಹತ್ತುವುದು ಇದಕ್ಕೇ.

ಅಂಗಳದಲ್ಲಿ ಏನೇನು ಮಾಡಬಹುದು?

‘ಸೈಲೆನ್ಸರ್ ತೆಗೆದರೆ ಸ್ಪೀಡ್ ಹೆಚ್ಚಾಗ್ತದಾ?’ ಮಕ್ಕಳು ಮೊದಲು ಕೇಳುವ ಪ್ರಶ್ನೆ ಇದು. ಹೆಚ್ಚಾಗುವುದು ಸದ್ದು ಮಾತ್ರ. ಎಂಜಿನ್ನಿಗೆ ಹೋಗುವ ಗಾಳಿ, ಪೆಟ್ರೋಲು, ಹೊರಬರುವ ಹೊಗೆ ಈ ಮೂರೂ ಒಂದಕ್ಕೊಂದು ಹೊಂದಿಕೊಂಡಿರಬೇಕು. ಒಂದನ್ನು ಕಿತ್ತು ಉಳಿದೆರಡನ್ನು ಹಾಗೆಯೇ ಬಿಟ್ಟರೆ ಅಕ್ಕಪಕ್ಕದ ಮನೆಯ ಹಸುಗೂಸು ಎದ್ದು ಅಳುವುದಷ್ಟೇ ಲಾಭ.

ತಿಳಿದವರು ಮೊದಲು ಕೈ ಹಾಕುವುದು ಭಾರಕ್ಕೆ. ಹಿಂದಿನ ಸೀಟು, ಡಿಕ್ಕಿಯಲ್ಲಿನ ಸಾಮಾನು, ನೆಲದ ಹಾಸು ತೆಗೆದರೆ ಖರ್ಚಿಲ್ಲದೆ ಕಾರು ಹಗುರವಾಗುತ್ತದೆ. ಸುಮಾರು 45 ಕಿಲೋ ಇಳಿಸಿದರೆ ಕಾಲು ಮೈಲಿಯಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಉಳಿಯುತ್ತದೆ ಎಂಬುದು ಡ್ರ್ಯಾಗ್ ರೇಸಿನವರ ಬಾಯಿಲೆಕ್ಕ. ಎರಡನೆಯದು ಹಿಡಿತ. ಹಿಂದಿನ ಚಕ್ರಗಳು ನಿಂತಲ್ಲೇ ಗಿರಗಿರನೆ ತಿರುಗಿದರೆ ಹೊಗೆ ಬರುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಅದಕ್ಕಾಗಿ ಮೆದು ರಬ್ಬರಿನ ಅಗಲ ಟಯರು. ಮೂರನೆಯದು ಹಿಂದಿನ ಆಕ್ಸಲ್‌ನ ಗೇರಿನ ಅನುಪಾತ. ಅದನ್ನು ಬದಲಿಸಿದರೆ ಹೊರಡುವಾಗ ಎಳೆತ ಜಾಸ್ತಿಯಾಗುತ್ತದೆ, ಗರಿಷ್ಠ ವೇಗ ಕಡಿಮೆಯಾಗುತ್ತದೆ. ಎಂಜಿನ್ನಿನ ಸರದಿ ಬರುವುದು ಇವೆಲ್ಲ ಆದ ಮೇಲೆ.

ಇವೆಲ್ಲಕ್ಕಿಂತ ಮೊದಲು ನೋಡಬೇಕಾದ್ದು ಬೇರೆಯೇ ಇದೆ. ನಮ್ಮ ಮಳೆಗೆ ಹಳೆಯ ಕಾರಿನ ನೆಲದ ತಗಡು ಒಳಗಿಂದೊಳಗೇ ತುಕ್ಕು ಹಿಡಿದಿರುತ್ತದೆ. ಪೆಟ್ರೋಲಿನ ರಬ್ಬರ್ ಕೊಳವೆ ಒಣಗಿ ಬಿರುಕು ಬಿಟ್ಟಿರುತ್ತದೆ. ಬ್ರೇಕ್ ಎಣ್ಣೆ ವರ್ಷಗಳಿಂದ ಗಾಳಿಯ ತೇವ ಹೀರಿಕೊಂಡಿರುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಬಿಸಿಗೆ ಆ ನೀರು ಕುದಿದು ಆವಿಯಾಯಿತೆಂದರೆ ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟ್ ಮುಂದಿನ ತುದಿಯಲ್ಲಿ ಮುರಿದರೆ ನೆಲಕ್ಕೆ ನಾಟಿ ಕಾರನ್ನೇ ಎತ್ತಿ ಎಸೆಯಬಲ್ಲದು. ಅದನ್ನು ತಡೆಯಲು ಶಾಫ್ಟ್ ಸುತ್ತ ಕಬ್ಬಿಣದ ಬಳೆ ಹಾಕುತ್ತಾರೆ. ಇನ್ನೊಂದು ಮಾತು: ಬರೀ ಜಾಕ್ ಮೇಲೆ ಎತ್ತಿದ ಕಾರಿನ ಅಡಿಗೆ ದೊಡ್ಡವರೇ ಆಗಲಿ, ಮಕ್ಕಳೇ ಆಗಲಿ, ಎಂದೂ ನುಗ್ಗಬಾರದು. ಗಟ್ಟಿ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಕೆಲಸ.

ನಿಲ್ಲಲು ಎಷ್ಟು ಜಾಗ ಬೇಕು?

ಒಂದು ಸಣ್ಣ ಲೆಕ್ಕ ಮಾಡೋಣ. ಕಾಲು ಮೈಲಿಯ ಕೊನೆಯಲ್ಲಿ ಕಾರಿನ ವೇಗ ಗಂಟೆಗೆ 120 ಕಿ.ಮೀ. ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 33 ಮೀಟರಿಗೂ ಸ್ವಲ್ಪ ಹೆಚ್ಚು. ಬ್ರೇಕ್ ಮೇಲೆ ಕಾಲಿಡುವ ಹೊತ್ತಿಗೆ ಒಂದು ಸೆಕೆಂಡು ಹೋಯಿತೆಂದರೆ 33 ಮೀಟರ್ ದಾಟಿತು. ಒಳ್ಳೆಯ ಬ್ರೇಕ್, ಒಳ್ಳೆಯ ಟಯರ್, ಒಣ ರಸ್ತೆ ಇದ್ದರೆ ಆಮೇಲೆ ಸುಮಾರು 80 ಮೀಟರ್ ಬೇಕು. ಮಳೆಗೆ ತೊಯ್ದ ರಸ್ತೆಯಾದರೆ ಸುಮಾರು 140. ಒಟ್ಟು 170 ಮೀಟರಿಗೂ ಹೆಚ್ಚು, ಅಂದರೆ ಶ್ರೀನಿವಾಸ ಗೌಡರು ಓಡಿದ ಇಡೀ ಕರೆಗಿಂತಲೂ ಉದ್ದ! ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದು ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ.

ನಿಪುಣರಿಗೂ ಈ ಲೆಕ್ಕ ತಪ್ಪಿದ್ದಿಲ್ಲ. 2008ರ ಜೂನ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ, ಎರಡು ಬಾರಿಯ ಚಾಂಪಿಯನ್ ಸ್ಕಾಟ್ ಕಲಿಟ್ಟಾ ಅವರ ಕಾರಿನ ಎಂಜಿನ್ ಸ್ಫೋಟಿಸಿತು. ವೇಗ ತಗ್ಗಿಸುವ ಪ್ಯಾರಾಚೂಟುಗಳು ಕೆಲಸ ಮಾಡಲಿಲ್ಲ. ನಿಲ್ಲಲೆಂದು ಬಿಟ್ಟ ಜಾಗವನ್ನೂ ದಾಟಿ ಹೋದ ಕಾರಿನಲ್ಲಿ ಅವರು ಜೀವ ಕಳೆದುಕೊಂಡರು. ಕೆಲವೇ ದಿನಗಳಲ್ಲಿ ಸಂಘಟಕರು ಅತಿ ವೇಗದ ಎರಡು ವಿಭಾಗಗಳ ಓಟವನ್ನು 402 ಮೀಟರಿನಿಂದ 305 ಮೀಟರಿಗೆ ಇಳಿಸಿದರು. ಉಳಿದ ದೂರವೆಲ್ಲ ನಿಲ್ಲುವುದಕ್ಕೆ!

ಕಾರ್ಕಳದಿಂದ ಬಜಗೋಳಿಗೆ ಹೋಗುವ ಹೆದ್ದಾರಿಯಲ್ಲಿ ಮಂಜೊಟ್ಟಿ ಎಲ್ಲಿದೆ? ಅಲ್ಲಿರುವುದು ಶಾಲೆಗೆ ಹೊರಟ ಮಕ್ಕಳು, ಬಸ್ಸಿಗೆ ಕಾಯುವ ಅಜ್ಜಿ, ರಸ್ತೆ ದಾಟುವ ದನ.

ಕಾನೂನು ಕೂಡ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆ, 2019ರ ತಿದ್ದುಪಡಿಯ ಪ್ರಕಾರ, ಸಾರ್ವಜನಿಕ ರಸ್ತೆಯಲ್ಲಿ ರೇಸ್ ನಡೆಸಿದರೆ ಮೊದಲ ಸಲ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವಾಹನವನ್ನು ಅನುಮತಿಯಿಲ್ಲದೆ ಮಾರ್ಪಡಿಸಿದರೆ ಮಾಲೀಕರಿಗೆ ಶಿಕ್ಷೆ ಬೇರೆ. ಹದಿನೆಂಟು ತುಂಬದ ಹುಡುಗ ಅಪರಾಧ ಮಾಡಿದರೆ ಪೋಷಕರು ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಆ ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಸಿಗದು. ಕೀಲಿ ಕೊಡುವ ಅಪ್ಪ-ಅಮ್ಮ ಇದನ್ನು ನೆನಪಿಡಬೇಕು.

ಆಸೆಗೆ ದಾರಿಯಿದೆ

ಹಾಗಾದರೆ ಯಂತ್ರದ ಹುಚ್ಚಿರುವ ಮಕ್ಕಳು ಕೈಕಟ್ಟಿ ಕೂರಬೇಕೇ? ಖಂಡಿತ ಬೇಡ. ಮಣಿಪಾಲದ ಎಂಐಟಿಯ ವಿದ್ಯಾರ್ಥಿಗಳ ‘ಫಾರ್ಮುಲಾ ಮಣಿಪಾಲ್’ ತಂಡ ತಾನೇ ರೇಸಿಂಗ್ ಕಾರು ವಿನ್ಯಾಸ ಮಾಡಿ, ಕಟ್ಟಿ, ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಿಗೆ ಒಯ್ಯುತ್ತದೆ. ಆ ಸ್ಪರ್ಧೆಯಲ್ಲಿ 75 ಮೀಟರಿನ ನೇರ ಓಟವೂ ಇದೆ, ಪುಟ್ಟ ಡ್ರ್ಯಾಗ್ ರೇಸಿನ ಹಾಗೆ. ಆದರೆ ಕಾರು ಕಣಕ್ಕಿಳಿಯುವ ಮೊದಲು ಬ್ರೇಕ್ ಪರೀಕ್ಷೆ ಗೆಲ್ಲಬೇಕು. ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರಗಳು ಒಟ್ಟಿಗೆ ಹಿಡಿದು ನಿಲ್ಲಬೇಕು. ಬೆಲ್ಟ್ ಬಿಚ್ಚಿ ಐದು ಸೆಕೆಂಡಿನೊಳಗೆ ಹೊರಬರಬಲ್ಲೆನೆಂದು ಚಾಲಕ ತೋರಿಸಬೇಕು. ಇಷ್ಟಾಗದಿದ್ದರೆ ಎಂಥ ಎಂಜಿನ್ ಇದ್ದರೂ ಓಟಕ್ಕೆ ಅವಕಾಶವಿಲ್ಲ.

ಇದಕ್ಕೂ ಮುಂದೆ ಹೋಗುವವರಿಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ರೇಸಿನ ಟ್ರ್ಯಾಕ್ ಇದೆ. ರಾಷ್ಟ್ರೀಯ ಡ್ರ್ಯಾಗ್ ಸ್ಪರ್ಧೆಗಳು ಅಲ್ಲಿ ನಡೆದಿವೆ. ಹೆಲ್ಮೆಟ್, ತಪಾಸಣೆ, ಆಂಬುಲೆನ್ಸ್ ಎಲ್ಲವೂ ಇರುವ ಕಡೆ ಓಡಿದರೆ ಸೋತರೂ ಸಂಜೆ ಮನೆಗೆ ಬರಬಹುದು.

ಅಲ್ಲಿಯವರೆಗೆ ಅಂಗಳದ ಹಳೆಯ ಕಾರು ಒಳ್ಳೆಯ ಪಾಠಶಾಲೆ. ರಜೆಯಲ್ಲಿ ಅಪ್ಪನೋ ಮಾವನೋ ಊರಿನ ಮೆಕ್ಯಾನಿಕ್ಕೋ ಜೊತೆಗಿದ್ದರೆ ಕಾರ್ಬುರೇಟರ್ ಬಿಚ್ಚಿ ತೊಳೆದು ಜೋಡಿಸಬಹುದು, ತುಕ್ಕು ಕೆರೆದು ಬಣ್ಣ ಬಳಿಯಬಹುದು. ಕೆಲಸ ಶುರು ಮಾಡುವಾಗ ಮೊದಲು ಬ್ರೇಕ್ ಬಿಚ್ಚಿ ನೋಡಿ. ಎಂಜಿನ್ನಿನ ಬಾನೆಟ್ ಆಮೇಲೆ ಎತ್ತಿದರಾಯಿತು.