ದಡ ಸೇರಿದ ಮೇಲೆ

2025ರ ಜೂನ್ 9ರ ರಾತ್ರಿ ನೌಕಾಪಡೆಯ ‘ಐಎನ್‌ಎಸ್ ಸೂರತ್’ ಪಣಂಬೂರಿನ ನವಮಂಗಳೂರು ಬಂದರಿಗೆ ಬಂದಾಗ ಅದರಲ್ಲಿ 18 ಮಂದಿ ವಿದೇಶಿ ನಾವಿಕರಿದ್ದರು. ಕೊಲಂಬೊದಿಂದ ಮುಂಬೈಯ ನ್ಹಾವಾ ಶೇವಾ ಬಂದರಿಗೆ ಹೊರಟಿದ್ದ ‘ವಾನ್ ಹೈ 503’ ಎಂಬ ಕಂಟೇನರ್ ಹಡಗಿನಲ್ಲಿ ಅಂದು ಬೆಳಿಗ್ಗೆ ಕಣ್ಣೂರಿನಾಚೆಯ ಕಡಲಲ್ಲಿ ಸ್ಫೋಟವಾಗಿ ಬೆಂಕಿ ಹತ್ತಿತ್ತು. ಹಡಗಿನಲ್ಲಿದ್ದವರು 22. ನಾಲ್ವರು ಸಿಗಲಿಲ್ಲ. ಗಾಯಗೊಂಡ ಆರು ಮಂದಿಯನ್ನು ಮಂಗಳೂರಿನ ಆಸ್ಪತ್ರೆಗೆ ಸಾಗಿಸಲಾಯಿತು. ಮುಂದೆ ಸುದ್ದಿಯೆಲ್ಲ ಉರಿಯುತ್ತಿರುವ ಹಡಗಿನದು, ಎಣ್ಣೆ ಸೋರಿಕೆಯ ಭಯದ್ದು, ಕಂಟೇನರುಗಳಲ್ಲಿ ಏನಿತ್ತು ಎನ್ನುವುದರದ್ದು. ಉಳಿದ 12 ಮಂದಿ ‘ಸುರಕ್ಷಿತ’ ಎಂಬಲ್ಲಿಗೆ ಮುಗಿದರು.

ಒಂದೇ ಸ್ಫೋಟ, ಒಂದೇ ಹೊಗೆ. ಆದರೂ ಆರು ತಿಂಗಳ ನಂತರ ಅವರಲ್ಲೊಬ್ಬ ಹೊಸ ಹಡಗು ಹತ್ತಿರುತ್ತಾನೆ. ಇನ್ನೊಬ್ಬ ಪಕ್ಕದ ಮನೆಯ ಗ್ಯಾಸ್ ಸಿಲಿಂಡರ್ ಸದ್ದಿಗೆ ಬೆವರುತ್ತಾನೆ ಎಂದರೆ ಮನೋವೈದ್ಯರು ಯಾರೂ ಆಶ್ಚರ್ಯಪಡುವುದಿಲ್ಲ. ಏಕೆ ಹೀಗೆ?

ಅನಾಹುತದಿಂದ ಪಾರಾದವರಿಗೆ ಕೆಲವು ದಿನ ನಿದ್ದೆ ಹತ್ತದಿರುವುದು, ಬೆಚ್ಚಿಬೀಳುವುದು, ಕಂಡದ್ದೇ ಮತ್ತೆ ಮತ್ತೆ ಕಣ್ಣಿಗೆ ಬರುವುದು ಕಾಯಿಲೆಯಲ್ಲ. ತಿಂಗಳು ದಾಟಿದರೂ ಅದೆಲ್ಲ ಬಿಡದೆ, ಆ ಜಾಗ, ಆ ಮಾತು, ಆ ವಾಸನೆಯಿಂದ ತಪ್ಪಿಸಿಕೊಂಡು ಓಡುವಂತಾಗಿ, ದುಡಿಮೆ–ಸಂಸಾರ ಕೆಟ್ಟರೆ ಅದಕ್ಕೆ ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಎನ್ನುತ್ತಾರೆ. ವಿಯೆಟ್ನಾಂ ಯುದ್ಧದಿಂದ ಮರಳಿದವರ ಪಾಡು ಕಂಡ ಬಳಿಕ, 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಈ ಹೆಸರನ್ನು ಒಪ್ಪಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಶೇ 70ರಷ್ಟು ಜನ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಘಟನೆಗೆ ಸಿಲುಕುತ್ತಾರೆ. ಹಾಗೆ ಸಿಲುಕಿದವರಲ್ಲಿ ಕಾಯಿಲೆ ಬೀಳುವವರು ಶೇ 5.6. ಅಂದಮೇಲೆ ಘಟನೆಯೊಂದೇ ಕಾರಣವಾಗಲಾರದು.

ಮೆದುಳಿನ ಮಟ್ಟದಲ್ಲಿ ನಡೆಯುವುದು ಇಷ್ಟು. ಅಪಾಯದ ಗಂಟೆ ಬಾರಿಸುವುದು ಅಮಿಗ್ಡಾಲ. ನಡೆದದ್ದಕ್ಕೆ ಊರು, ದಿನಾಂಕ ಹಚ್ಚುವುದು ಹಿಪ್ಪೋಕ್ಯಾಂಪಸ್. ಬಂದರಿನ ಗೇಟಿನಲ್ಲಿ ಕೂತು ಲಾರಿಗಳಿಗೆ ಚೀಟಿ ಕೊಡುವ ಗುಮಾಸ್ತನಂತೆ. ಭಯ ಮಿತಿಮೀರಿದಾಗ ಚೀಟಿಯಿಲ್ಲದ ಸರಕು ಒಳಗೆ ನುಗ್ಗುತ್ತದೆ. ಹಾಗಾಗಿ ಡೀಸೆಲ್ ವಾಸನೆ ಬಂದ ಕೂಡಲೇ ಅಂದಿನ ಬೆಂಕಿ ‘ಅಂದಿನದು’ ಎನಿಸುವುದಿಲ್ಲ, ಈಗಲೇ ಉರಿಯುತ್ತಿರುತ್ತದೆ. ಇದರಲ್ಲಿ ಹುಟ್ಟಿನ ಪಾಲೂ ಇದೆ. ವಿಯೆಟ್ನಾಂಗೆ ಹೋಗಿದ್ದ ಸೈನಿಕರನ್ನೂ ಮನೆಯಲ್ಲೇ ಉಳಿದಿದ್ದ ಅವರ ಅವಳಿ ಸೋದರರನ್ನೂ ಹೋಲಿಸಿದ 2002ರ ಅಧ್ಯಯನವೊಂದರಲ್ಲಿ, ತೀವ್ರ ಕಾಯಿಲೆಯಿದ್ದ ಸೈನಿಕನ ಹಿಪ್ಪೋಕ್ಯಾಂಪಸ್ ಮಾತ್ರವಲ್ಲ, ಯುದ್ಧವನ್ನೇ ಕಾಣದ ಸೋದರನದೂ ಚಿಕ್ಕದಾಗಿತ್ತು. ಬಾಲ್ಯದ ಹೊಡೆತ–ಬಡಿತ, ಹಿಂದೊಮ್ಮೆ ತಿಂದ ಆಘಾತ, ಮೊದಲೇ ಇದ್ದ ಖಿನ್ನತೆ ಇವೂ ಸೇರಿಕೊಳ್ಳುತ್ತವೆ.

ಘಟನೆಯ ಸ್ವಭಾವಕ್ಕೂ ತೂಕವಿದೆ. ಚಂಡಮಾರುತ, ಅಪಘಾತಗಳಿಗಿಂತ ಮನುಷ್ಯ ಬೇಕೆಂದೇ ಮಾಡಿದ ಹಿಂಸೆ, ಅದರಲ್ಲೂ ಲೈಂಗಿಕ ಹಿಂಸೆ, ಹೆಚ್ಚು ಜನರನ್ನು ಕಾಯಿಲೆಗೆ ನೂಕುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಪಿಟಿಎಸ್‌ಡಿ ಸುಮಾರು ಎರಡು ಪಟ್ಟು ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ. ಕಡಲಿನ ದುರಂತಕ್ಕೆ ಹೆಲಿಕಾಪ್ಟರ್ ಬರುತ್ತದೆ, ಕ್ಯಾಮೆರಾ ಬರುತ್ತದೆ. ಬಾಗಿಲು ಹಾಕಿದ ಮನೆಯೊಳಗಿನದಕ್ಕೆ ಯಾರು ಬರುತ್ತಾರೆ?

ಬಂದರಿನಿಂದ ಕೂಗಳತೆಯಲ್ಲಿ, ಕೂಳೂರು–ತಣ್ಣೀರುಬಾವಿ ರಸ್ತೆಯ ಪಕ್ಕ, ಫಲ್ಗುಣಿಯ ದಡದಲ್ಲಿ ಒಂದು ಸ್ಮಾರಕ ಉದ್ಯಾನವಿದೆ. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಉರುಳಿತು. 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಡಿಎನ್‌ಎ ಪರೀಕ್ಷೆಯ ಬಳಿಕವೂ ಗುರುತು ಸಿಗದ 12 ದೇಹಗಳನ್ನು ಮಣ್ಣು ಮಾಡಿದ್ದು ಈ ನದಿದಡದಲ್ಲಿ. ಹೆಣದ ಮುಖ ಕಾಣದೆ, ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡುವುದೋ ಬೇಡವೋ ತಿಳಿಯದೆ ಉಳಿದ ಮನೆಯವರ ಸಂಕಟ ಬೇರೆ ಬಗೆಯದು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟು ಏಳು ಮೀನುಗಾರರೊಂದಿಗೆ ಕಾಣೆಯಾದ ‘ಸುವರ್ಣ ತ್ರಿಭುಜ’ ಬೋಟಿನ ಮನೆಗಳಲ್ಲೂ ಅದೇ ಆಯಿತು. ಮಾಲ್ವಣದ ಬಳಿ ಕಡಲಡಿಯಲ್ಲಿ ಅವಶೇಷ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. ಇಂಥ ದುಃಖವನ್ನೆಲ್ಲ ಪಿಟಿಎಸ್‌ಡಿ ಎಂದುಬಿಡುವುದು ತಪ್ಪು. ಆದರೆ ಪ್ರೀತಿಪಾತ್ರರ ಹಠಾತ್, ಭೀಕರ ಸಾವಿನ ಸುದ್ದಿಯೇ ಆ ಕಾಯಿಲೆಗೆ ಬಾಗಿಲು ತೆರೆಯಬಲ್ಲದು ಎಂಬುದನ್ನು ವೈದ್ಯಶಾಸ್ತ್ರ ಒಪ್ಪುತ್ತದೆ.

ಕೆಂಜಾರಿನಲ್ಲಿ ಮೊದಲು ಕಣಿವೆಗೆ ಇಳಿದದ್ದು ಸುತ್ತಲಿನ ಊರಿನ ಜನ. ನಮ್ಮಲ್ಲಿ ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ, ಅಲ್ಲಿಗೆ ಬಿಡುತ್ತೇವೆ. ಪಣಂಬೂರು ಬೀಚಿನ ಜೀವರಕ್ಷಕರ ಪಾಡೂ ಇದೇ. ಮಳೆಗಾಲದಲ್ಲಿ ಕೆಂಪು ಬಾವುಟ ನೆಟ್ಟು, ಹಗ್ಗ ಕಟ್ಟಿ, ಸೀಟಿ ಊದಿದರೂ ನೀರಿಗಿಳಿಯುವವರು ಇಳಿಯುತ್ತಾರೆ. ಒಬ್ಬ ಕೊಚ್ಚಿಹೋದರೆ ಹುಡುಕುವವರು ದೇಹ ಸಿಗುವ ತನಕ ಬರಿಗೈಯಲ್ಲಿ ಮೇಲೆ ಬರುವಾಗಲೆಲ್ಲ ಮರಳಿನಲ್ಲಿ ಕೂತ ತಂದೆ–ತಾಯಿಯ ಎದುರೇ ಹಾದು ಹೋಗಬೇಕು. ಸಿಕ್ಕಿದರೆ ಹೊತ್ತು ತರಬೇಕಾದವರೂ ಅವರೇ. ಮರುದಿನ ಭಾನುವಾರವಾದರೆ ಡ್ಯೂಟಿ ತಪ್ಪಿಸುವಂತಿಲ್ಲ. ಕೆಲಸದ ನಿಮಿತ್ತ ಇಂಥದ್ದನ್ನು ಪದೇ ಪದೇ ಕಾಣುವವರೂ ಕಾಯಿಲೆಯ ದಾರಿಯಲ್ಲಿದ್ದಾರೆ ಎಂದು ಅಮೆರಿಕದ ಕೈಪಿಡಿ 2013ರ ಆವೃತ್ತಿಯಲ್ಲಿ ಬರೆಯಿತು.

ನನ್ನ ಮಟ್ಟಿಗೆ ಈ ವಿಷಯದಲ್ಲಿ ಮುಖ್ಯವಾದದ್ದು ಇನ್ನೊಂದಿದೆ. 2000ನೇ ಇಸವಿಯಲ್ಲಿ ಲಂಡನ್ನಿನ ಕ್ರಿಸ್ ಬ್ರೂವಿನ್ ಮತ್ತು ಸಂಗಡಿಗರು ಅದುವರೆಗಿನ ಹತ್ತಾರು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ವಯಸ್ಸು, ಓದು, ಹಿಂದಿನ ಕಾಯಿಲೆಗಳಿಗಿಂತ ಜೋರಾಗಿ ಕಂಡದ್ದು ಘಟನೆಯ ತೀವ್ರತೆ ಮತ್ತು ಘಟನೆಯ ನಂತರದ ಸಂಗತಿಗಳು: ಜೊತೆಗೆ ಜನವಿಲ್ಲದಿರುವುದು, ಹೊಸ ಹೊಸ ತಾಪತ್ರಯಗಳು ಮೇಲೆ ಬೀಳುವುದು. ಹುಟ್ಟನ್ನೂ ಬಾಲ್ಯವನ್ನೂ ತಿದ್ದಲಾಗದು, ಆದ ಸ್ಫೋಟವನ್ನು ಹಿಂದಕ್ಕೆ ತೆಗೆಯಲಾಗದು. ಕೈಗೆ ಸಿಗುವುದು ಈ ‘ನಂತರ’ ಮಾತ್ರ.

ಮೀನುಗಾರನ ‘ನಂತರ’ ಹೇಗಿರುತ್ತದೆ? 2021ರ ಏಪ್ರಿಲ್‌ನಲ್ಲಿ ಬೇಪೂರಿನಿಂದ ಹೊರಟ ‘ರಬಾ’ ಬೋಟಿಗೂ ಸಿಂಗಪುರದ ಹಡಗಿಗೂ ಮಂಗಳೂರಿನಾಚೆ ನಡುರಾತ್ರಿ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಮಂದಿ ತಮಿಳುನಾಡು, ಬಂಗಾಳದವರು. ಜೀವಂತ ಸಿಕ್ಕವರು ಇಬ್ಬರು. ಇಂಥ ಅವಘಡದಿಂದ ಬದುಕಿ ಬಂದವನಿಗೆ ಭಾಷೆ ಬಾರದ ಊರಿನಲ್ಲಿ ಪೊಲೀಸ್ ಹೇಳಿಕೆ, ಸತ್ತವರ ಮನೆಯವರ ಪ್ರಶ್ನೆ, ಪರಿಹಾರಕ್ಕಾಗಿ ಅಲೆದಾಟ ಕಾದಿರುತ್ತದೆ. ಸ್ಥಳೀಯನಾದರೂ ಅಷ್ಟೇ: ದುಡಿಮೆ ಪಾಲಿನ ಲೆಕ್ಕದ್ದು, ಕಡಲಿಗೆ ಹೋಗದಿದ್ದರೆ ಪಾಲಿಲ್ಲ. ಹೆದರಿಕೆ ಇಟ್ಟುಕೊಂಡೇ ಮುಂದಿನ ಟ್ರಿಪ್ಪಿಗೆ ಬೋಟು ಹತ್ತುತ್ತಾನೆ. ಜನ ‘ಗಟ್ಟಿಗ’ ಎನ್ನುತ್ತಾರೆ. ರಾತ್ರಿ ನಿದ್ದೆಗೆ ಕ್ವಾರ್ಟರ್ ಬಾಟಲಿ. ಮನೆಯವರು ಹೆದರಿದ್ದಾನೆಂದು ನೂಲು ಕಟ್ಟಿಸುತ್ತಾರೆ, ದೈವಕ್ಕೆ ಹರಕೆ ಹೇಳುತ್ತಾರೆ. ಇದನ್ನು ನಗೆಯಾಡುವವರ ಸಾಲಿನಲ್ಲಿ ನಾನಿಲ್ಲ. ಹತ್ತು ಜನ ಸೇರಿ ‘ನಿನಗೇನೋ ಆಗಿದೆ, ನಾವಿದ್ದೇವೆ’ ಎನ್ನುವುದು ಅಲ್ಲಿ ನಡೆಯುತ್ತದೆ. ನೂಲಿನ ಜೊತೆಗೆ ವೈದ್ಯರಲ್ಲಿಗೂ ಹೋದರಾಯಿತು.

ಮಾಡಬಾರದ್ದನ್ನೂ ಹೇಳಬೇಕು. ಪಾರಾದವರನ್ನು ಮೊದಲ ಕೆಲವೇ ದಿನಗಳಲ್ಲಿ ಒಟ್ಟು ಕೂರಿಸಿ ಎಲ್ಲವನ್ನೂ ಹೇಳಿಸುವ ಪದ್ಧತಿ ಒಂದು ಕಾಲಕ್ಕೆ ಜನಪ್ರಿಯವಾಗಿತ್ತು. ಅದರಿಂದ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಕೇಡೂ ಆಗಬಹುದು ಎಂದು ನಂತರ ತಿಳಿಯಿತು. ಜೆಟ್ಟಿಯ ಮೇಲೆಯೇ ಮೈಕ್ ಹಿಡಿದು ‘ಆಗ ಹೇಗನ್ನಿಸಿತು’ ಎಂದು ಕೇಳುವ ನಮ್ಮ ವೃತ್ತಿಬಾಂಧವರಿಗೆ ಈ ಸುದ್ದಿ ಇನ್ನೂ ತಲುಪಿದಂತಿಲ್ಲ. ನಿದ್ದೆಮಾತ್ರೆಯ ಬೆಂಜೊಡೈಯಜೆಪಿನ್ ಗುಂಪನ್ನು ಮೊದಲ ತಿಂಗಳಲ್ಲಿ ಇದಕ್ಕಾಗಿ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ.

ಗುಣಪಡಿಸುವ ದಾರಿಗಳಿವೆ. ತರಬೇತಾದ ಚಿಕಿತ್ಸಕರ ಎದುರು ಆ ನೆನಪನ್ನು ಹಂತಹಂತವಾಗಿ ಎದುರಿಸುವ ಮಾತಿನ ಚಿಕಿತ್ಸೆಗೆ ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟರಿಂದ ಹನ್ನೆರಡು ಭೇಟಿ ಬೇಕು. ದಿನಗಟ್ಟಲೆ ಕಡಲಲ್ಲಿದ್ದು ಬರುವ ಆಳಸಮುದ್ರದ ಬೋಟಿನವನಿಗೆ ಅದು ಆಗದ ಮಾತು; ಅವನು ದಡದಲ್ಲಿರುವ ಬೆಳಿಗ್ಗೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲಾರ, ದಕ್ಕೆಯಲ್ಲಿ ಮೀನು ಇಳಿಸುತ್ತಿರುತ್ತಾನೆ. ಆದರೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧದ 61 ದಿನಗಳಿವೆ. ಹೆಚ್ಚುಕಮ್ಮಿ ಒಂಬತ್ತು ವಾರ. ಬೋಟಿಗೆ ಬಣ್ಣ ಬಳಿಯುವುದು, ಬಲೆ ಸರಿಪಡಿಸುವುದು, ಎಂಜಿನ್ ಬಿಚ್ಚುವುದು ಎಲ್ಲ ಆಗಲೇ. ಹೊರರಾಜ್ಯದ ಕಾರ್ಮಿಕರು ಆ ಹೊತ್ತಿಗೆ ಊರಿಗೆ ಹೋಗಿರುತ್ತಾರೆ, ಅವರಿಗೆ ಸದ್ಯಕ್ಕೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಎಂಬ ಉಚಿತ ಫೋನ್ ನಂಬರೇ ಗತಿ. ಇಲ್ಲಿಯವರಿಗಾದರೂ ಆ ಒಂಬತ್ತು ವಾರಗಳಲ್ಲಿ ವಾರಕ್ಕೊಂದು ಮಧ್ಯಾಹ್ನ ಬೈಕಂಪಾಡಿಯಲ್ಲೊಂದು, ಬೆಂಗ್ರೆಯಲ್ಲೊಂದು ಕುರ್ಚಿ ಹಾಕಿ ಮನೋವೈದ್ಯರನ್ನು ಕೂರಿಸಲು ಹೊಸ ಕಟ್ಟಡವೇನೂ ಬೇಕಿಲ್ಲ.