ಕೂಸಿನ ಪಾಲಿನ ಬಸಿ ಚಾ

“ಚಾ ಕುಡದ್ರ ಕರ್ರಗ ಆಗ್ತಿ ನೋಡು.” ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಅಜ್ಜಿಯಂದಿರು ಮೊಮ್ಮಕ್ಕಳಿಗೆ ಹಾಕುವ ಹಳೆಯ ಬೆದರಿಕೆ ಇದು. ಬೆದರಿಸಿದ ಅಜ್ಜಿಯೇ ಮರುಗಳಿಗೆಗೆ ಬಸಿಗೆ ನಾಲ್ಕು ಗುಟುಕು ಸುರುವಿ, ಊದಿ ಆರಿಸಿ, ಕೂಸಿನ ಮುಂದಿಡುತ್ತಾಳೆ. ಕೂಸು ಅದರಲ್ಲಿ ಬಿಸ್ಕೀಟನ್ನೋ ಖಾರಿಯನ್ನೋ ಅದ್ದಿ ತಿನ್ನುತ್ತದೆ. ತುಸು ದೊಡ್ಡದಾದರೆ ರಾತ್ರಿ ಉಳಿದ ಜೋಳದ ರೊಟ್ಟಿಯನ್ನು ಮುರಿದು ಹಾಕಿಕೊಳ್ಳುತ್ತದೆ. ತೊಗರಿ ಕೊಯ್ಲಿಗೋ ಹತ್ತಿ ಬಿಡಿಸಲಿಕ್ಕೋ ಹೊತ್ತೇರುವ ಮುನ್ನ ಮನೆ ಬಿಡಬೇಕಾದ ತಾಯಿಗೆ ಇದಕ್ಕಿಂತ ಸಸಾರದ ನಾಷ್ಟಾ ಇನ್ನೊಂದಿಲ್ಲ.

ಚಾ ಕುಡಿದ ಮಗು ಕಪ್ಪಗಾಗುವುದಿಲ್ಲ. ಆದರೆ ಬಿಳಿಚಿಕೊಳ್ಳಬಹುದು.

ಅದು ಹೇಗೆಂದು ತಿಳಿಯಬೇಕಾದರೆ ಬಸಿಯಲ್ಲಿರುವ ಎರಡು ವಸ್ತುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮೊದಲನೆಯದು ಕೆಫೀನ್. ಎಚ್ಚರವಿದ್ದಷ್ಟು ಹೊತ್ತೂ ನಮ್ಮ ಮಿದುಳಿನಲ್ಲಿ ಅಡಿನೊಸಿನ್ ಎಂಬ ರಾಸಾಯನಿಕ ಕೂಡುತ್ತ ಹೋಗುತ್ತದೆ. ಅದು ನರಕೋಶಗಳ ಮೇಲೆ ತನಗಾಗಿ ಇರುವ ಜಾಗದಲ್ಲಿ ಕೂತಾಗ ತೂಕಡಿಕೆ ಬರುತ್ತದೆ. ಕಲಬುರಗಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರಂತೆ ಕೆಫೀನ್ ಆ ಜಾಗವನ್ನು ಮೊದಲೇ ಹಿಡಿದುಬಿಡುತ್ತದೆ. ಅಡಿನೊಸಿನ್ ನಿಂತೇ ಇರಬೇಕಾಗುತ್ತದೆ. ಅಂದರೆ ದಣಿವು ಎಲ್ಲಿಗೂ ಹೋಗಿರುವುದಿಲ್ಲ, ಅದಕ್ಕೆ ಕೂರಲು ಜಾಗ ಸಿಕ್ಕಿರುವುದಿಲ್ಲ ಅಷ್ಟೆ.

ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಇಳಿಯಲು ದೊಡ್ಡವರಿಗೆ ಸುಮಾರು ಐದು ತಾಸು ಬೇಕು. ನವಜಾತ ಶಿಶುವಿನ ಪಿತ್ತಜನಕಾಂಗ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಅಲ್ಲಿ ಅದಕ್ಕೆ ದಿನಗಳೇ ಹಿಡಿಯುತ್ತವೆ. ಇದೇ ಕೆಫೀನನ್ನು ಅವಧಿಗೆ ಮುನ್ನ ಹುಟ್ಟಿ, ಮಧ್ಯೆ ಮಧ್ಯೆ ಉಸಿರು ನಿಲ್ಲಿಸುವ ಕೂಸುಗಳಿಗೆ ವೈದ್ಯರು ಅಳೆದು ಔಷಧವಾಗಿ ಕೊಡುತ್ತಾರೆ. ಹಾಗಾಗಿ ಅದು ವಿಷವಲ್ಲ. ಲೆಕ್ಕ ಇರುವುದು ಪ್ರಮಾಣದಲ್ಲಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ಮಕ್ಕಳ ತೂಕದ ಪ್ರತಿ ಕಿಲೋಗೆ ದಿನಕ್ಕೆ 3 ಮಿಲಿಗ್ರಾಂ ದಾಟಬಾರದು ಎಂಬುದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹಾಕಿಕೊಟ್ಟ ಗೆರೆ. ಆರು ವರ್ಷದ, 18 ಕಿಲೋ ತೂಗುವ ಮಗುವಿಗೆ ಇದು 54 ಮಿಲಿಗ್ರಾಂ ಆಗುತ್ತದೆ. ಖಡಕ್ಕಾಗಿ ಕುದಿಸಿದ ಒಂದೇ ಕಪ್ ಈ ಗೆರೆ ಮುಟ್ಟಬಲ್ಲದು. ಗೆರೆ ದಾಟಿದರೆ ಎದೆಬಡಿತ ಜೋರಾಗುವುದು, ಚಡಪಡಿಕೆ, ಹೊಟ್ಟೆ ತೊಳಸುವುದು, ರಾತ್ರಿ ನಿದ್ದೆ ಬಾರದಿರುವುದು, ಮರುದಿನ ತರಗತಿಯಲ್ಲಿ ತೂಕಡಿಕೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಐದು ವರ್ಷದೊಳಗಿನವರಿಗೆ ಚಹಾ, ಕಾಫಿ ಬೇಡವೇ ಬೇಡ ಎನ್ನುತ್ತದೆ. ತಪ್ಪಿಸಲಾಗದಿದ್ದರೆ ಐದರಿಂದ ಒಂಬತ್ತು ವರ್ಷದವರಿಗೆ ದಿನಕ್ಕೆ ಅರ್ಧ ಕಪ್, ಹತ್ತರಿಂದ ಹದಿನೆಂಟರವರಿಗೆ ಒಂದು ಕಪ್. ಅದೂ ಕೆಫೀನ್ ಇರುವ ಬೇರೇನನ್ನೂ ಕುಡಿಯದಿದ್ದರೆ ಮಾತ್ರ.

ಬಸಿಯಲ್ಲಿರುವ ಎರಡನೆಯ ವಸ್ತು ಟ್ಯಾನಿನ್. ಚಹಾದ ಒಗರು ಅದರದೇ. ಊಟದಲ್ಲಿನ ಕಬ್ಬಿಣಾಂಶವನ್ನು ಅದು ಕರುಳಿನಲ್ಲೇ ಕಟ್ಟಿಹಾಕುತ್ತದೆ, ರಕ್ತಕ್ಕೆ ಸೇರಗೊಡುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ ಭಾರತೀಯ ಮೂಲದ ಗೃಹಿಣಿಯರ ಮೇಲೆ ನಡೆದ, 1975ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅನ್ನದ ಊಟದಿಂದ ಹೀರಿಕೆಯಾಗುತ್ತಿದ್ದ ಕಬ್ಬಿಣ ಶೇ 10.8 ಇತ್ತು, ಜೊತೆಗೆ ಚಹಾ ಕುಡಿದಾಗ ಶೇ 2.5ಕ್ಕೆ ಇಳಿಯಿತು. ಇಸ್ರೇಲಿನಲ್ಲಿ 122 ಶಿಶುಗಳನ್ನು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದ ವರದಿ ಇನ್ನೂ ನೇರವಾಗಿದೆ: ಕೆಂಪು ರಕ್ತಕಣಗಳು ಸಣ್ಣದಾಗುವ ಬಗೆಯ ರಕ್ತಹೀನತೆ ಚಹಾ ಕುಡಿಯುತ್ತಿದ್ದ ಶಿಶುಗಳಲ್ಲಿ ಶೇ 32.6, ಕುಡಿಯದವರಲ್ಲಿ ಶೇ 3.5.

ರೊಟ್ಟಿ, ತೊಗರಿ ಬ್ಯಾಳಿ, ಪುಂಡಿ ಪಲ್ಯ ಉಣ್ಣುವ ಈ ನಾಡಿಗೆ ಈ ಅಂಕಿಗಳು ಹತ್ತಿರದವು. ಧಾನ್ಯ ಮತ್ತು ಸೊಪ್ಪಿನ ಕಬ್ಬಿಣ ಮೊದಲೇ ಮೈಗೆ ಹತ್ತುವುದು ಕಡಿಮೆ. ಅದಕ್ಕೇ ಟ್ಯಾನಿನ್ನಿನ ಏಟು ಬೀಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಕರ್ನಾಟಕದ ಮಕ್ಕಳಲ್ಲಿ ಶೇ 65.5ರಷ್ಟು ರಕ್ತಹೀನರು, ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 60.9 ಇತ್ತು. ಇದಕ್ಕೆಲ್ಲ ಚಹಾ ಒಂದೇ ಕಾರಣವಲ್ಲ. ಬಡತನ, ತಾಯಿಯ ರಕ್ತಹೀನತೆ, ಜಂತುಹುಳು ಎಲ್ಲವೂ ಸೇರಿವೆ. ಆದರೆ ನಾಲ್ಕು ಗುಟುಕು ಸಿಹಿ ಚಾ ಹಸಿವನ್ನೂ ಸುಮ್ಮನಾಗಿಸುತ್ತದೆ. ಹಾಲೋ ಮೊಟ್ಟೆಯೋ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ.

ಆ ಜಾಗ ತುಂಬಲು ಸರ್ಕಾರ ಮಾಡಿದ್ದು ಕಡಿಮೆಯೇನಲ್ಲ. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಶಾಲೆಯಲ್ಲಿ ಮೊಟ್ಟೆ ಕೊಡುವ ಯೋಜನೆ 2021ರ ಡಿಸೆಂಬರಿನಲ್ಲಿ ಮೊದಲು ಜಾರಿಯಾದ ಏಳು ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. ಐದರಿಂದ ಒಂಬತ್ತು ವರ್ಷದವರಿಗೆ ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣದ ಗುಳಿಗೆ, ಮೇಲಿನವರಿಗೆ ನೀಲಿ. ಗುಳಿಗೆ ನುಂಗಿದ ಬೆನ್ನಿಗೇ ಚಾ ಕುಡಿದರೆ ಅದರ ಫಲ ಬಹುಪಾಲು ಕೈತಪ್ಪುತ್ತದೆ.

ಈಚೆಗೆ ಕಿರಾಣಿ ಅಂಗಡಿಗೆ ಹೊಸ ಅತಿಥಿ ಬಂದಿದ್ದಾನೆ: ಇಪ್ಪತ್ತು ರೂಪಾಯಿಯ ಎನರ್ಜಿ ಡ್ರಿಂಕ್. ಭಾರತದ ಆಹಾರ ಸುರಕ್ಷತಾ ನಿಯಮದಂತೆ ಇಂಥ ಪೇಯದ ಒಂದು ಲೀಟರಿನಲ್ಲಿ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದು. ಅಂದರೆ 250 ಮಿಲಿಲೀಟರಿನ ಬಾಟಲಿಯಲ್ಲಿ 75 ಮಿಲಿಗ್ರಾಂವರೆಗೆ. ಮಕ್ಕಳಿಗೆ ತಕ್ಕದ್ದಲ್ಲ ಎಂಬ ಎಚ್ಚರಿಕೆ ಬಾಟಲಿಯ ಮೇಲೇ ಇರಬೇಕು, ಇರುತ್ತದೆ, ಸಣ್ಣ ಅಕ್ಷರಗಳಲ್ಲಿ. ಲಿಥುವೇನಿಯಾ 2014ರಲ್ಲೇ, ಪೋಲೆಂಡ್ 2024ರ ಜನವರಿಯಿಂದ ಹದಿನೆಂಟರೊಳಗಿನವರಿಗೆ ಇದನ್ನು ಮಾರುವುದನ್ನು ನಿಷೇಧಿಸಿವೆ.

ಚಾ ರೂಢಿಯಾದ ಮಗುವಿಗೆ ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನ ತಲೆನೋವು, ಸಿಡುಕು ಬರಬಹುದು. ದಿನದಿನಕ್ಕೆ ಚಾ ಕಡಿಮೆ ಮಾಡಿ ಹಾಲು ಹೆಚ್ಚಿಸುತ್ತ ಹೋಗುವುದು ಸುಲಭದ ದಾರಿ. ದೊಡ್ಡ ಮಕ್ಕಳಿಗೆ ಕೊಡಲೇಬೇಕಾದರೆ ಊಟಕ್ಕೆ ಒಂದು ತಾಸು ಮುಂಚೆ, ಒಂದು ತಾಸು ನಂತರ ಬಿಟ್ಟು, ಸಂಜೆಗತ್ತಲಾಗುವ ಮೊದಲು ಕೊಡಬೇಕು. ಕಬ್ಬಿಣ ಮೈಗೆ ಹತ್ತಲು ನೆರವಾಗುವ ವಿಟಮಿನ್ ಸಿ ಹುಡುಕಲು ಅಫಜಲಪುರದವರು ದೂರ ಹೋಗಬೇಕಾಗಿಲ್ಲ. ಭೀಮೆಯ ಆಚೆ ದಡದಲ್ಲೇ ಇಂಡಿ ಲಿಂಬೆಯ ಸೀಮೆಯಿದೆ. ಬ್ಯಾಳಿಗೆ ಅರ್ಧ ಹೋಳು ಹಿಂಡಿದರೆ ಸಾಕು. ಅಜ್ಜಿ ಮೊಮ್ಮಗುವಿನ ಮೈಬಣ್ಣ ನೋಡುವ ಬದಲು ಅದರ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಲಿ. ಒಳಗೆ ಕೆಂಪು ಕಾಣದೆ ಬಿಳಿಚಿದ್ದರೆ, ಹಿಮೋಗ್ಲೋಬಿನ್ ಪರೀಕ್ಷೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವ ಹೊತ್ತು ಬಂದಿದೆ.